ಸಹ್ಯಾದ್ರಿಯ ಬೆಟ್ಟಸಾಲಿಗೆ ಯಾವ ಲೆನ್ಸ್? ಹೊಸದಾಗಿ ಕ್ಯಾಮೆರಾ ಕೊಂಡವರಿಗೆ

ಹೋದ ತಿಂಗಳು ಪುಣೆಯ ಕೋಥ್ರೂಡ್‌ನ ನಮ್ಮ ಮನೆಗೆ ಒಬ್ಬ ಹುಡುಗ ಬಂದಿದ್ದ. ಹುಬ್ಬಳ್ಳಿಯವನು, ನನ್ನ ಗೆಳೆಯನ ಮಗ. ಹಿಂಜವಡಿಯಲ್ಲಿ ಕೆಲಸ. ಹೆಗಲಲ್ಲಿ ಹೊಸ ಕ್ಯಾಮೆರಾ ಬ್ಯಾಗ್ ಇತ್ತು.

"ಕಾಕಾ, ಲ್ಯಾಂಡ್‌ಸ್ಕೇಪ್‌ಗೆ ಯಾವ ಲೆನ್ಸ್ ತಗೊಳ್ಳಲಿ?"

"ಕ್ಯಾಮೆರಾ ಜೋಡಿ ಒಂದು ಬಂದಿರಬೇಕಲ್ಲೋ?"

"ಅದು ಬರೇ ಕಿಟ್ ಲೆನ್ಸ್ ರೀ ಕಾಕಾ. ವೈಡ್ ತಗೋ ಅಂತ ಎಲ್ಲಾರೂ ಹೇಳ್ಯಾರ."

ಪುಣೆಯಲ್ಲಿ ಭಾನುವಾರ ಬಂತೆಂದರೆ ಕ್ಯಾಮೆರಾ ಹಿಡಿದು ಕೋಟೆ ಹತ್ತುವ ಕನ್ನಡದವರು ಬಹಳ ಜನ. ಹೊಸಬರು ಕೇಳುವ ಪ್ರಶ್ನೆ ಇದೇ, ಸಿಗುವ ಉತ್ತರವೂ ಇದೇ. ನಾನೂ ಆ ಉತ್ತರ ನಂಬಿ ಮೊದಲು ಅಲ್ಟ್ರಾವೈಡ್, ಅಂದರೆ ಅತಿ ಅಗಲ ನೋಟದ ಲೆನ್ಸ್ ಕೊಂಡೆ. ಅದನ್ನು ಹೊತ್ತು ರಾಜಗಡ ಕೋಟೆಯ ಸಂಜೀವನಿ ಮಾಚಿಗೆ (ಉದ್ದಕ್ಕೆ ಚಾಚಿದ ಕೋಟೆಯ ಭಾಗ) ಹೋದೆ. ಎದುರಿಗೆ ತೋರಣಾ ಕೋಟೆ, ನಡುವಿನ ಕಣಿವೆಯ ತುಂಬ ಮಂಜು. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ತೋರಣಾ ಫೋಟೋದಲ್ಲಿ ಸಾಸಿವೆ ಕಾಳಾಗಿತ್ತು. ಮೇಲೆ ಖಾಲಿ ಆಕಾಶ, ಕೆಳಗೆ ಖಾಲಿ ಕಲ್ಲು. ಅಂಥ ಬೆಳಗು ನನಗೆ ಮತ್ತೆ ಸಿಕ್ಕಿಲ್ಲ. ಅದಕ್ಕೇ ಆ ಹುಡುಗನಿಗೆ ಹೇಳಿದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕ್ಯಾಮೆರಾ ಯಾವುದೆಂದು ತಿಳಿಯಿರಿ

ಲೆನ್ಸ್ ಹುಡುಕುವ ಮುಂಚೆ ಎರಡು ವಿಷಯ ಗೊತ್ತಿರಬೇಕು. ಒಂದು ಸೆನ್ಸರ್ (ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಫಲಕ) ಗಾತ್ರ, ಇನ್ನೊಂದು ಮೌಂಟ್.

ಹೊಸಬರ ಕೈಯಲ್ಲಿರುವ ಕ್ಯಾಮೆರಾಗಳಲ್ಲಿ ಹೆಚ್ಚಿನವು ಎಪಿಎಸ್-ಸಿ ಸೆನ್ಸರ್‌ನವು. ಹಳೆಯ ಫಿಲ್ಮ್ ರೋಲಿನ ಚಿತ್ರದಷ್ಟು ದೊಡ್ಡ ಸೆನ್ಸರ್‌ಗೆ ಫುಲ್‌ಫ್ರೇಮ್ ಅನ್ನುತ್ತಾರೆ, ಇದು ಅದಕ್ಕಿಂತ ಚಿಕ್ಕದು. ಹಾಗಾಗಿ ಅದೇ ಲೆನ್ಸ್ ಇದರಲ್ಲಿ ಕಡಿಮೆ ಅಗಲ ತೋರಿಸುತ್ತದೆ. ನಿಕಾನ್, ಸೋನಿ, ಫ್ಯೂಜಿಯಲ್ಲಿ ಲೆಕ್ಕ 1.5 ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು. ಲೆನ್ಸ್ ಮೇಲಿನ ಎಂಎಂ ಅಂಕಿ ಅದರ ಫೋಕಲ್ ಲೆಂಗ್ತ್: ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಅಂದರೆ 18 ಎಂಎಂ ಲೆನ್ಸ್ ನಿಕಾನ್ ಎಪಿಎಸ್-ಸಿಯಲ್ಲಿ ಫುಲ್‌ಫ್ರೇಮ್‌ನ 27 ಎಂಎಂನಷ್ಟು ಅಗಲ ಕಾಣುತ್ತದೆ. ಇದು ಗೊತ್ತಿಲ್ಲದೆ ಹಲವರು "ಲ್ಯಾಂಡ್‌ಸ್ಕೇಪ್‌ಗೆ 24-70 ಒಳ್ಳೆಯದು" ಎಂಬ ಮಾತು ಕೇಳಿ ದುಬಾರಿ ಫುಲ್‌ಫ್ರೇಮ್ ಲೆನ್ಸ್ ತರುತ್ತಾರೆ. ಎಪಿಎಸ್-ಸಿಯಲ್ಲಿ ಅದರ 24 ಎಂಎಂ ಎಂದರೆ 36 ಎಂಎಂ ಆಗಿಬಿಡುತ್ತದೆ. ಕಿಟ್ ಲೆನ್ಸ್‌ಗಿಂತಲೂ ಅಗಲ ಕಡಿಮೆ!

ಮೌಂಟ್ ಅಂದರೆ ಲೆನ್ಸ್ ಕೂರುವ ಬಾಯಿ. ಒಳಗೆ ಕನ್ನಡಿಯಿರುವ ಕ್ಯಾನನ್ ಡಿಎಸ್‌ಎಲ್‌ಆರ್‌ಗಳದ್ದು ಇಎಫ್, ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್‌ಗಳದ್ದು ಆರ್‌ಎಫ್. ನಿಕಾನ್‌ನಲ್ಲಿ ಹಳೆಯದು ಎಫ್, ಹೊಸದು ಝಡ್. ಸೋನಿ ಮಿರರ್‌ಲೆಸ್ ಎಲ್ಲವೂ ಇ. ಹಳೆ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಅಡಾಪ್ಟರ್ ಹಾಕಿ ಕೂರಿಸಬಹುದು, ಹೊಸ ಲೆನ್ಸನ್ನು ಹಳೆ ಕ್ಯಾಮೆರಾಕ್ಕೆ ಕೂರಿಸಲಾಗದು. ನಿಕಾನ್‌ನವರು ಇನ್ನೆರಡು ಮಾತು ನೆನಪಿಡಿ. ಡಿ3000 ಮತ್ತು ಡಿ5000 ಸರಣಿಯ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು. ಎಎಫ್-ಪಿ ಎಂದಿರುವ ಹೊಸ ಲೆನ್ಸ್‌ಗಳು ಕೆಲವು ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಆಗುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸನ್ನು ನಿಮ್ಮ ಕ್ಯಾಮೆರಾಕ್ಕೆ ಹಾಕಿಯೇ ನೋಡಿ.

ಗೇಣು ಹಿಡಿದು ಅಳೆಯಿರಿ

ಎಂಎಂ ಲೆಕ್ಕ ಬಾಯಿಪಾಠ ಮಾಡಿದರೆ ಬೆಟ್ಟದ ಮೇಲೆ ನೆನಪಿಗೆ ಬರುವುದಿಲ್ಲ. ನಮ್ಮ ಕೈಯಲ್ಲೇ ಒಂದು ಅಳತೆಕೋಲು ಇದೆ. ತೋಳನ್ನು ಪೂರ್ತಿ ಮುಂದೆ ಚಾಚಿ ಗೇಣು ಹಿಡಿಯಿರಿ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಸುಮಾರು 20 ಡಿಗ್ರಿ ನೋಟ. ಮುಷ್ಟಿ ಹಿಡಿದರೆ ಅಡ್ಡಕ್ಕೆ ಸುಮಾರು 10 ಡಿಗ್ರಿ. ನಡುವಿನ ಮೂರು ಬೆರಳು ಜೋಡಿಸಿದರೆ ಸುಮಾರು 5 ಡಿಗ್ರಿ.

ಎಪಿಎಸ್-ಸಿ ಕ್ಯಾಮೆರಾವನ್ನು ಅಡ್ಡ ಹಿಡಿದಾಗ 18 ಎಂಎಂ ಸುಮಾರು 66 ಡಿಗ್ರಿ ನೋಡುತ್ತದೆ, ಅಂದರೆ ಮೂರು ಗೇಣು. 55 ಎಂಎಂ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. 135 ಎಂಎಂ ಒಂದು ಮುಷ್ಟಿ. 250 ಎಂಎಂ ಮೂರು ಬೆರಳು. ಇನ್ನು 10 ಎಂಎಂ ಅಲ್ಟ್ರಾವೈಡ್ ಆದರೆ ಸುಮಾರು 99 ಡಿಗ್ರಿ, ಐದು ಗೇಣು.

ಸಿಂಹಗಡದ ಮೇಲೆ ನಿಂತು ಹೀಗೆ ಅಳೆದು ನೋಡಿ. ನಿಮ್ಮ ಮನಸ್ಸು ಸೆಳೆದ ನೋಟ ಎಷ್ಟು ಗೇಣು ಅಗಲವಿದೆ? ರಾಜಗಡ, ತೋರಣಾ ಎರಡೂ ದೂರದಲ್ಲಿ ಕಾಣುತ್ತವೆ. ಬೇಕೆನಿಸಿದ ಭಾಗ ಮುಷ್ಟಿಯೊಳಗೇ ಮುಗಿಯುತ್ತಿದ್ದರೆ ಐದು ಗೇಣಿನ ಲೆನ್ಸ್ ಅಲ್ಲಿ ಏನು ಮಾಡೀತು?

ಫೋನಿನಿಂದಲೂ ಒಂದು ಉಪಾಯ ಇದೆ. ಹೆಚ್ಚಿನ ಫೋನುಗಳ ಮುಖ್ಯ ಕ್ಯಾಮೆರಾ ಫುಲ್‌ಫ್ರೇಮ್‌ನ 24ರಿಂದ 26 ಎಂಎಂಗೆ ಹತ್ತಿರ. ಕಿಟ್ ಲೆನ್ಸ್‌ನ 18 ಎಂಎಂ ತೋರಿಸುವುದೂ ಹೆಚ್ಚುಕಮ್ಮಿ ಅಷ್ಟೇ. ಫೋನಿನಲ್ಲಿ 0.5 ಎಂದು ಒತ್ತಿದರೆ ಬರುವುದು ಅಲ್ಟ್ರಾವೈಡ್ ನೋಟ. ನಿಮ್ಮ ಗ್ಯಾಲರಿಯಲ್ಲಿ 0.5ರಲ್ಲಿ ತೆಗೆದು ನಿಜವಾಗಿ ಇಷ್ಟಪಟ್ಟ ಚಿತ್ರ ಎಷ್ಟಿವೆ ನೋಡಿಕೊಳ್ಳಿ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದು.

ಮೂರು ಭಾನುವಾರ, ಇರುವ ಲೆನ್ಸ್ ಒಂದೇ

ಕಿಟ್ ಲೆನ್ಸ್ ಅಂದರೆ ಜನ ಮೂಗು ಮುರಿಯುತ್ತಾರೆ. ಲ್ಯಾಂಡ್‌ಸ್ಕೇಪ್‌ನ ಮಟ್ಟಿಗೆ ಅದು ತಪ್ಪು. 18-55 ಎಂಎಂನ ಆ ಲೆನ್ಸ್‌ನಲ್ಲಿ ಬೆಳಕಿನ ಕಿಂಡಿಯನ್ನು (ಅಪರ್ಚರ್; ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಎಫ್/8ಕ್ಕೆ ಇಟ್ಟು, ಗಟ್ಟಿಯಾಗಿ ಹಿಡಿದು ಅಥವಾ ಟ್ರೈಪಾಡ್ ಮೇಲಿಟ್ಟು ತೆಗೆದರೆ ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್ ಚೆನ್ನಾಗಿಯೇ ಬರುತ್ತದೆ. 18 ಎಂಎಂ, ಎಫ್/8ರಲ್ಲಿ ಸುಮಾರು 2 ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿ. ಸುಮಾರು 1 ಮೀಟರ್‌ನಿಂದ ಹಿಡಿದು ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ.

ಎಲ್ಲವೂ ಸ್ಪಷ್ಟ ಬರಲಿ ಎಂದು ಎಫ್/22ಕ್ಕೆ ಹೋಗಬೇಡಿ. ಬೆಳಕು ತೀರಾ ಚಿಕ್ಕ ಕಿಂಡಿಯಲ್ಲಿ ತೂರುವಾಗ ಹರಡಿಕೊಳ್ಳುತ್ತದೆ, ಇಡೀ ಚಿತ್ರ ಮೆತ್ತಗಾಗುತ್ತದೆ. ಎಪಿಎಸ್-ಸಿಯಲ್ಲಿ ಎಫ್/8ರಿಂದ ಎಫ್/11 ಸಾಕು. ಎಫ್/16ರಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. 1932ರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ತಮ್ಮ ಗುಂಪಿಗೆ ಎಫ್/64 ಎಂದೇ ಹೆಸರಿಟ್ಟಿದ್ದರಲ್ಲ ಎಂದು ಕೆಲವರು ಕೇಳುತ್ತಾರೆ. ಅವರ ಫಿಲ್ಮ್ ಒಂದು ಪುಸ್ತಕದ ಪುಟದಷ್ಟು ದೊಡ್ಡದು. ನಮ್ಮ ಸೆನ್ಸರ್ ಅಂಚೆ ಚೀಟಿಯಷ್ಟು.

ಈಗ ಮುಖ್ಯ ಕೆಲಸ. ಮೂರು ಭಾನುವಾರ ಮೂರು ಬೇರೆ ಜಾಗಕ್ಕೆ ಹೋಗಿ. ವೇತಾಳ ಟೇಕಡಿ ಆದೀತು, ಖಡಕ್‌ವಾಸ್ಲಾ ಆದೀತು, ಲೋಹಗಡ ಆದೀತು. ಮನಸ್ಸಿಗೆ ಬಂದಂತೆ ತೆಗೆಯಿರಿ. ಮನೆಗೆ ಬಂದು ಇಷ್ಟವಾದ ನೂರು ಚಿತ್ರ ಆರಿಸಿ. ಪ್ರತಿ ಚಿತ್ರದ ಮಾಹಿತಿಯಲ್ಲಿ ಎಷ್ಟು ಎಂಎಂನಲ್ಲಿ ತೆಗೆದದ್ದು ಎಂದು ಬರೆದಿರುತ್ತದೆ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: 18ರಲ್ಲಿ ತೆಗೆದವು, 55ರಲ್ಲಿ ತೆಗೆದವು, ನಡುವಿನವು. 18ರ ಕಾಲಂ ತುಂಬಿದ್ದರೆ ನಿಮಗೆ ಇನ್ನಷ್ಟು ಅಗಲ ಬೇಕು. 55ರ ಕಾಲಂ ತುಂಬಿದ್ದರೆ ದೂರ ಬೇಕು. ನಡುವಿನದೇ ಜಾಸ್ತಿ ಇದ್ದರೆ ಸದ್ಯಕ್ಕೆ ಯಾವ ಲೆನ್ಸೂ ಬೇಡ, ಆ ದುಡ್ಡಿಗೆ ಒಳ್ಳೆ ಟ್ರೈಪಾಡ್ ತನ್ನಿ.

ಹುಬ್ಬಳ್ಳಿಯ ಹುಡುಗ ಇದನ್ನು ಮಾಡಿದ. ಮೂರನೇ ವಾರ ಫೋನ್ ಬಂತು. "ಕಾಕಾ, 55ರಾಗನ ಜಾಸ್ತಿ ಅದಾವು!" ಆ ದನಿಯಲ್ಲಿ ಆಶ್ಚರ್ಯ ಇತ್ತು. ನನಗೆ ಆಶ್ಚರ್ಯವಾಗಲಿಲ್ಲ.

ದೂರವೋ, ಅಗಲವೋ

ಸಹ್ಯಾದ್ರಿಯ ಚೆಲುವು ಇರುವುದು ಸಾಲುಗಳಲ್ಲಿ. ಬೆಳಗಿನ ಹೊತ್ತು ಕೋಟೆಯ ಮೇಲೆ ನಿಂತರೆ ಹತ್ತಿರದ ಸಾಲು ಕಪ್ಪು, ಅದರ ಹಿಂದಿನದು ನೀಲಿ, ಅದರ ಹಿಂದಿನದು ಬೂದಿ, ಕೊನೆಯದು ಆಕಾಶದಲ್ಲೇ ಕರಗಿದಂತೆ. ದೂರ ಹೆಚ್ಚಿದಷ್ಟೂ ನಡುವಿನ ಗಾಳಿಯಲ್ಲಿ ಬೆಳಕು ಚದುರುತ್ತದೆ, ಅದಕ್ಕೇ ಬಣ್ಣ ಮಸುಕಾಗುತ್ತ ಹೋಗುತ್ತದೆ. ಈ ಸಾಲುಗಳನ್ನು ಒಂದರ ಮೇಲೊಂದು ಜೋಡಿಸಿ ತೋರಿಸಲು 100ರಿಂದ 250 ಎಂಎಂ ಬೇಕು. ಬೆಟ್ಟಗಳು ಹತ್ತಿರ ಹತ್ತಿರ ಕಾಣುವುದು ನಾವು ದೂರ ನಿಂತಿರುವುದರಿಂದ. ದೂರದ್ದಕ್ಕೆಂದೇ ಇರುವ ಟೆಲಿ ಲೆನ್ಸ್ ಆ ನೋಟದಲ್ಲಿ ಮುಷ್ಟಿಯಷ್ಟು ಭಾಗ ಕತ್ತರಿಸಿ ಫ್ರೇಮ್ ತುಂಬುತ್ತದೆ, ಅಷ್ಟೇ.

ಹಾಗಾಗಿ ನನ್ನ ಮಾತು ಇದು. ಪುಣೆ, ನಾಶಿಕ್, ಸಾತಾರಾ ಕಡೆಯ ಬೆಟ್ಟಗಳಿಗೆ ಹೋಗುವವರು ಕಿಟ್ ಲೆನ್ಸ್ ಆದಮೇಲೆ ಮೊದಲು ಕೊಳ್ಳಬೇಕಾದ್ದು ಟೆಲಿ ಜೂಮ್. ಕ್ಯಾನನ್‌ನಲ್ಲಾದರೆ ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ, ತೂಕ 375 ಗ್ರಾಂ. ನಿಕಾನ್‌ನಲ್ಲಾದರೆ ಎಎಫ್-ಪಿ ಡಿಎಕ್ಸ್ 70-300. ಎರಡೂ ಅವರವರ ಸಾಲಿನಲ್ಲಿ ಕೈಗೆಟಕುವ ಲೆನ್ಸ್‌ಗಳು. ಇಎಫ್-ಎಸ್, ಡಿಎಕ್ಸ್ ಎಂದರೆ ಎಪಿಎಸ್-ಸಿಗೆಂದು ಮಾಡಿದವು; ಕ್ಯಾನನ್‌ನ ಐಎಸ್, ನಿಕಾನ್‌ನ ವಿಆರ್ ಎಂದರೆ ಕೈ ನಡುಕ ತಡೆಯುವ ವ್ಯವಸ್ಥೆ. ನಿಕಾನ್‌ನ ಈ ಲೆನ್ಸ್ ವಿಆರ್ ಇರುವುದು, ಇಲ್ಲದ್ದು ಎರಡು ಬಗೆಯಲ್ಲಿ ಬಂದಿದೆ. ಹೆಸರಿನಲ್ಲಿ ವಿಆರ್ ಇದೆಯೇ ಎಂದು ಎರಡು ಸಲ ಓದಿ. ಕ್ಯಾನನ್ ಡಬಲ್ ಕಿಟ್‌ನಲ್ಲಿ ಸಿಗುವ 75-300ರಲ್ಲೂ ಐಎಸ್ ಇಲ್ಲ. 300 ಎಂದು ಕಂಡ ಮಾತ್ರಕ್ಕೆ ಅದನ್ನು ಆರಿಸಬೇಡಿ, 55-250ಯೇ ವಾಸಿ.

ಟೆಲಿಯಲ್ಲಿ ಕೈ ನಡುಕ ಬೇಗ ಕಾಣುತ್ತದೆ. 250 ಎಂಎಂ ಅನ್ನು ಕೈಯಲ್ಲಿ ಹಿಡಿದು ತೆಗೆಯುವುದಾದರೆ ಶಟರ್ 1/400 ಸೆಕೆಂಡ್ ಆಸುಪಾಸು ಇರಲಿ. ಐಎಸ್ ಅಥವಾ ವಿಆರ್ ಇದ್ದರೆ ಇನ್ನೂ ನಿಧಾನಕ್ಕೆ ಹೋಗಬಹುದು. ಏಪ್ರಿಲ್, ಮೇ ಮಧ್ಯಾಹ್ನ ಟೆಲಿ ತೆಗೆಯಲೇಬೇಡಿ. ಕಾದ ಗಾಳಿ ಕುಣಿಯುತ್ತದೆ, ದೂರದ್ದೆಲ್ಲ ನೀರಿನಲ್ಲಿ ಅಲುಗಿದಂತೆ ಬರುತ್ತದೆ. ಮಳೆ ನಿಂತ ಸೆಪ್ಟೆಂಬರ್ ಕೊನೆಯಿಂದ ಚಳಿಗಾಲದವರೆಗಿನ ಬೆಳಗುಗಳು ಟೆಲಿಯ ಕಾಲ. ಪವನಾ ಕೆರೆಯ ಆಚೆ ತಿಕೋನಾ, ತುಂಗ್ ಕೋಟೆಗಳ ತುದಿ ಮಾತ್ರ ಮಂಜಿನಿಂದ ಮೇಲೆದ್ದಿರುತ್ತವೆ. ಆ ಒಂದು ತುದಿಯನ್ನೇ ತುಂಬಿಸಿ ತೆಗೆದ ಚಿತ್ರದ ಮುಂದೆ ಇಡೀ ಕೆರೆ ಹಿಡಿದ ಚಿತ್ರ ನನಗೆ ಸಪ್ಪೆ ಅನ್ನಿಸುತ್ತದೆ.

ಟೆಲಿ ಮೊದಲು ಅನ್ನಲು ಇನ್ನೊಂದು ಕಾರಣವೂ ಇದೆ. ಅಗಲ ಸಾಲದಿದ್ದರೆ ನಾಲ್ಕು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿ ಹೊಲಿಯಬಹುದು. ದೂರ ಸಾಲದಿದ್ದರೆ ಹೊಲಿಯಲು ಏನೂ ಇಲ್ಲ. ಹರಿಶ್ಚಂದ್ರಗಡದ ಕೊಂಕಣ ಕಡಾ ಒಳಕ್ಕೆ ಬಾಗಿದ ಬೃಹತ್ ಬಂಡೆಗೋಡೆ. 18 ಎಂಎಂನಲ್ಲಿ ಅದು ಹಿಡಿಸುವುದಿಲ್ಲ, ನಿಜ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿಯಿರಿ. ಎಕ್ಸ್‌ಪೋಷರ್ ಮ್ಯಾನ್ಯುವಲ್‌ನಲ್ಲಿಡಿ, ಫೋಕಸ್ ಲಾಕ್ ಮಾಡಿ. ಎಡದಿಂದ ಬಲಕ್ಕೆ ಐದಾರು ಚಿತ್ರ ತೆಗೆಯಿರಿ, ಪ್ರತಿಯೊಂದೂ ಹಿಂದಿನದರ ಮೂರನೇ ಒಂದು ಭಾಗವನ್ನು ಮತ್ತೆ ಹಿಡಿದಿರಲಿ. ಹ್ಯೂಗಿನ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದು ಹೊಲಿದು ಕೊಡುತ್ತದೆ. ಕಡಾದ ಅಂಚಿಗೆ ಹೋಗುವಾಗ ಮಾತ್ರ ಕಣ್ಣನ್ನು ಕ್ಯಾಮೆರಾದಿಂದ ತೆಗೆದೇ ನಡೆಯಿರಿ.

ಹಾಗಾದರೆ ಅಲ್ಟ್ರಾವೈಡ್ ಯಾರಿಗೆ? ಕಾಲಬುಡದಲ್ಲಿ ಏನೋ ಇದ್ದು, ಅದಕ್ಕೂ ಹಿನ್ನೆಲೆಗೂ ಕಥೆ ಕಟ್ಟಬೇಕಾದವರಿಗೆ. ಸಾತಾರಾ ಹತ್ತಿರದ ಕಾಸ್ ಪ್ರಸ್ಥಭೂಮಿ ಇದಕ್ಕೆ ಹೇಳಿ ಮಾಡಿಸಿದ ಜಾಗ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಕಾಸ್ ಕೂಡ ಅದರಲ್ಲಿ ಬಂತು. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ನೆಲವೆಲ್ಲ ಹೂವು. ಹಾದಿಯ ಅಂಚಿನಲ್ಲೇ ಕೂತು ಲೆನ್ಸನ್ನು ಹೂವಿನ ಮಟ್ಟಕ್ಕೆ ಇಳಿಸಿ. ಹೂವು ಒಂದು ಒಂದೂವರೆ ಅಡಿ ದೂರವಿರಲಿ. 10 ಎಂಎಂ, ಎಫ್/8ರಲ್ಲಿ ಫೋಕಸ್ ಸುಮಾರು ಎರಡು ಅಡಿಗೆ ಇಟ್ಟರೆ ಒಂದಡಿಯಿಂದಾಚೆ ಎಲ್ಲ ಸ್ಪಷ್ಟ. ಹೂವು ಫ್ರೇಮಿನಲ್ಲಿ ದೊಡ್ಡದಾಗುತ್ತದೆ, ಮೋಡ ಹಿಂದೆ ಹರಡಿಕೊಳ್ಳುತ್ತದೆ. ಒಳ್ಳೆ ಚಿತ್ರಕ್ಕಾಗಿ ಹೂವಿನ ನಡುವೆ ಕಾಲಿಡಬೇಡಿ. ಅಲ್ಲಿ ಬಂಡೆಯ ಮೇಲಿನ ಮಣ್ಣು ಬಹಳ ತೆಳುವು, ತುಳಿದರೆ ಮುಂದಿನ ವರ್ಷದ ಹೂವೂ ಹೋಯಿತು.

ವೈಡ್ ಹಿಡಿದು ಮೇಲಕ್ಕೋ ಕೆಳಕ್ಕೋ ಬಾಗಿಸಿದರೆ ಮರ, ಗೋಡೆ ಎಲ್ಲ ವಾಲುತ್ತವೆ. ಕ್ಯಾಮೆರಾ ಸಮವಾಗಿರಲಿ. ಮುಂದೆ ಹಿಡಿಯಲು ಏನೂ ಇಲ್ಲವಾದರೆ ಅಲ್ಟ್ರಾವೈಡ್ ಬ್ಯಾಗಿನಲ್ಲೇ ಇರಲಿ. ಮುಂಬಯಿಯಲ್ಲಿರುವವರ ಲೆಕ್ಕ ಸ್ವಲ್ಪ ಬೇರೆ. ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಇಳಿತದ ಹೊತ್ತಿಗೆ ಕಪ್ಪು ಬಂಡೆಗಳು ಮೇಲೆ ಬರುತ್ತವೆ, ಗೋವಾದ ವಾಗಾತೋರ್ ಕಡೆಯೂ ಹಾಗೇ. ಅಂಥ ಕಡಲಂಚಿನಲ್ಲೇ ಹೆಚ್ಚು ತೆಗೆಯುವವರಾದರೆ ವೈಡ್ ಮೊದಲು ಕೊಂಡರೂ ನಷ್ಟವಿಲ್ಲ. ಕ್ಯಾನನ್ ಇಎಫ್-ಎಸ್ 10-18 ತೂಗುವುದು 240 ಗ್ರಾಂ, ನಿಕಾನ್ ಎಎಫ್-ಪಿ ಡಿಎಕ್ಸ್ 10-20 ತೂಗುವುದು 230 ಗ್ರಾಂ. ಹೊಸಬರಿಗೆ ಇವೇ ಸಾಕು.

ಎಫ್/2.8 ಬೇಕೇ ಬೇಕಾ?

ಬೇಡ. ಹಗಲಿನ ಬೆಟ್ಟವನ್ನು ಎಫ್/8ರಲ್ಲೇ ತೆಗೆಯುತ್ತೀರಿ, ಅಲ್ವಾ? ಮತ್ತೆ ಎಫ್/2.8ಗೆ ದುಡ್ಡು ಏಕೆ? ಕ್ಯಾನನ್‌ನ ಇಎಫ್ 70-200 ಎಫ್/2.8 ಐಎಸ್ ಸುಮಾರು ಒಂದೂವರೆ ಕಿಲೋ. ಅದನ್ನು ಹೊತ್ತು ರಾಜಗಡದ ಬಾಲೇಕಿಲ್ಲಾ (ತುದಿಯ ಒಳಕೋಟೆ) ಹತ್ತುವಾಗ ಹೆಗಲು ಮಾತಾಡುತ್ತದೆ.

ರಾತ್ರಿಯ ಆಕಾಶವಾದರೆ ಮಾತು ಬೇರೆ. ಮೇ ಕೊನೆಯಿಂದ ಮಳೆ ಹಿಡಿಯುವವರೆಗೆ ರಾಜಮಾಚಿ, ಭಂಡಾರದರಾ ಕಡೆ ಮಿಂಚುಹುಳುಗಳ ಕಾಲ. ಅದಕ್ಕೆ, ಆಕಾಶಗಂಗೆಗೆ ಎಫ್/2.8ರಂಥ ದೊಡ್ಡ ಕಿಂಡಿಯ ಲೆನ್ಸ್ ಬೇಕು. ನಕ್ಷತ್ರ ಗೆರೆಯಾಗದಂತೆ ಎಷ್ಟು ಹೊತ್ತು ಶಟರ್ ತೆರೆದಿಡಬಹುದು ಎನ್ನಲು ಒರಟು ಲೆಕ್ಕವೊಂದಿದೆ: 500ನ್ನು ಫುಲ್‌ಫ್ರೇಮ್ ಲೆಕ್ಕದ ಎಂಎಂನಿಂದ ಭಾಗಿಸಿ. 18 ಎಂಎಂ ನಿಕಾನ್ ಎಪಿಎಸ್-ಸಿಯಲ್ಲಿ 27 ಆಗುತ್ತದೆ, ಉತ್ತರ ಸುಮಾರು 18 ಸೆಕೆಂಡ್. ಒಂದು ವರ್ಷ ಕಳೆದ ಮೇಲೂ ರಾತ್ರಿಯ ಆಸೆ ಉಳಿದಿದ್ದರೆ ಆಗ ಕೊಳ್ಳಿ.

ಬಾಡಿಗೆ ಮೊದಲು, ಆಮೇಲೆ ಸೆಕೆಂಡ್ ಹ್ಯಾಂಡ್

ಪುಣೆ, ಮುಂಬಯಿ ಎರಡೂ ಕಡೆ ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತದೆ. ಶನಿವಾರ ತಂದು ಸೋಮವಾರ ಕೊಡಿ. ಒಂದು ಟ್ರೆಕ್‌ನಲ್ಲಿ ಎಷ್ಟು ಸಲ ಅದನ್ನು ಹೊರತೆಗೆದಿರಿ ಎಂಬುದೇ ಉತ್ತರ ಹೇಳುತ್ತದೆ.

ಲೆನ್ಸ್ ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬಾಳುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್‌ಗೆ ಹೆದರಬೇಡಿ. ಮುಂಬಯಿಯ ಫೋರ್ಟ್‌ನಲ್ಲಿ ಬೋರಾ ಬಜಾರ್ ಕ್ಯಾಮೆರಾ ಅಂಗಡಿಗಳಿಗೆ ಹೆಸರಾದ ಬೀದಿ, ಸಿಎಸ್‌ಎಂಟಿಯಿಂದ ನಡೆದೇ ಹೋಗಬಹುದು. ಹೋಗುವಾಗ ನಿಮ್ಮ ಕ್ಯಾಮೆರಾ, ಮೆಮೊರಿ ಕಾರ್ಡ್, ಒಂದು ಸಣ್ಣ ಟಾರ್ಚ್ ಇರಲಿ. ನಾನೊಮ್ಮೆ ಟಾರ್ಚ್ ಇಲ್ಲದೆ ಹೋಗಿ ಒಳಗೆ ಫಂಗಸ್ ಇದ್ದ ಲೆನ್ಸ್ ತಂದೆ. ಮನೆಯಲ್ಲಿ ಸೂರ್ಯನ ಎದುರು ತೆಗೆದಾಗ ಚಿತ್ರವೆಲ್ಲ ಹಾಲು ಚೆಲ್ಲಿದಂತೆ ಬಂತು, ಆಗ ಗೊತ್ತಾಯಿತು.

ಹೀಗೆ ನೋಡಿ. ಲೆನ್ಸಿನ ಎರಡೂ ಮುಚ್ಚಳ ತೆಗೆದು ಒಂದು ಕಡೆಯಿಂದ ಓರೆಯಾಗಿ ಟಾರ್ಚ್ ಹಿಡಿಯಿರಿ, ಇನ್ನೊಂದು ಕಡೆಯಿಂದ ಇಣುಕಿ. ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆಯಿಲ್ಲ. ಬೇರಿನಂತೆ, ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಫಂಗಸ್, ಎಷ್ಟೇ ಅಗ್ಗವಾದರೂ ಬೇಡ. ಒಳಗೆ ಹಬೆ ಕೂತಂತಿದ್ದರೂ ಬೇಡ. ಸ್ಕ್ರೂಗಳ ತಲೆ ಸವೆದಿದೆಯೇ ನೋಡಿ, ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಆಮೇಲೆ ಅಂಗಡಿಯಿಂದ ಹೊರಬಂದು ಎದುರಿನ ಕಟ್ಟಡಕ್ಕೆ ನೇರವಾಗಿ ನಿಂತು ಎಫ್/5.6, ಎಫ್/8ರಲ್ಲಿ ತೆಗೆಯಿರಿ. ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿ. ನಾಲ್ಕೂ ಸ್ವಲ್ಪ ಮೆತ್ತಗಿದ್ದರೆ ಅದು ಲೆನ್ಸಿನ ಸ್ವಭಾವ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಜರುಗಿದೆ, ಬಿಟ್ಟು ಬನ್ನಿ. ಫೋಕಸ್ ಆಗುವಾಗ ಕರಕರ ಸದ್ದು ಬಂದರೂ ಹಾಗೇ. ಬಿಲ್ ಕೇಳಿ, ಅದರಲ್ಲಿ ಲೆನ್ಸಿನ ಸೀರಿಯಲ್ ನಂಬರ್ ಬರೆಸಿ.

ಜೊತೆಗೆ ಏನು ಬೇಕು

ಒಂದು ಪೊಲರೈಸರ್ ಫಿಲ್ಟರ್ ಇರಲಿ. ಮಳೆಗಾಲದಲ್ಲಿ ಒದ್ದೆ ಎಲೆ, ಒದ್ದೆ ಬಂಡೆಯ ಬಿಳಿ ಹೊಳಪನ್ನು ತೆಗೆದು ಒಳಗಿನ ಹಸಿರನ್ನು ತೋರಿಸುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಆಮೇಲೆ ಮಾಡಲಾಗದು. ತಾಮ್ಹಿಣಿ ಘಾಟ್‌ನ ಜಲಪಾತಗಳಲ್ಲಿ ನಾನು ಅದನ್ನು ಲೆನ್ಸಿನಿಂದ ಕಳಚುವುದೇ ಇಲ್ಲ. ಅಲ್ಟ್ರಾವೈಡ್‌ನಲ್ಲಿ ನೀಲಿ ಆಕಾಶಕ್ಕೆ ಹಾಕಬೇಡಿ, ಒಂದು ಕಡೆ ಗಾಢ, ಒಂದು ಕಡೆ ತೆಳು ಬಣ್ಣ ಬರುತ್ತದೆ. ಲೆನ್ಸಿನ ಮುಂದಿನ ಬಾಯಿಯ ಅಳತೆ ನೋಡಿ ಫಿಲ್ಟರ್ ಕೊಳ್ಳಿ. ಕ್ಯಾನನ್ 55-250ಕ್ಕೆ 58 ಎಂಎಂ, 10-18ಕ್ಕೆ 67 ಎಂಎಂ. ದೊಡ್ಡದನ್ನು ಕೊಂಡು ಚಿಕ್ಕ ಲೆನ್ಸಿಗೆ ಸ್ಟೆಪ್-ಅಪ್ ರಿಂಗ್ ಹಾಕಿದರೆ ಒಂದೇ ಫಿಲ್ಟರ್ ಎರಡಕ್ಕೂ ಆಗುತ್ತದೆ. ಓರೆ ಬಿಸಿಲಿಗೆ ಅಡ್ಡವಾಗುವ ಲೆನ್ಸ್ ಹುಡ್ ಕೂಡ ಕೊಳ್ಳಿ, ಅಗ್ಗದ್ದೇ ಸಾಕು.

ಮಳೆಗಾಲ ಬಂದಾಗ

ಇದನ್ನು ಹೇಳದೆ ನಮ್ಮ ಕಡೆಯವರಿಗೆ ಲೆನ್ಸ್ ಕೊಳ್ಳಿ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯಲ್ಲೂ ತೇವ, ಮುಂಬಯಿ ಗೋವಾದಲ್ಲಂತೂ ಗೋಡೆಯೇ ಬೆವರುತ್ತದೆ. ಕ್ಯಾಮೆರಾ ಬ್ಯಾಗನ್ನು ಜಿಪ್ ಹಾಕಿ ಕಪಾಟಿನಲ್ಲಿಟ್ಟು ಮರೆತರೆ ದಸರಾ ಹೊತ್ತಿಗೆ ಲೆನ್ಸಿನೊಳಗೆ ಎಳೆ ಬಿಟ್ಟಿರುತ್ತದೆ.

ಡ್ರೈ ಕ್ಯಾಬಿನೆಟ್ ಕೊಂಡರೆ ತೇವಾಂಶ 40ರಿಂದ 50 ಶೇಕಡಾ ನಡುವೆ ಇಡಿ. ಅಷ್ಟು ಖರ್ಚು ಬೇಡವಾದರೆ ಅಡುಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು. ಬಣ್ಣ ಬದಲಿಸುವ ಸಿಲಿಕಾ ಜೆಲ್ ಕಾಲು ಕಿಲೋ ಹಾಕಿ, ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಇಡಿ. ಜೆಲ್ ಬಣ್ಣ ಬದಲಾದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮೊದಲಿನ ಬಣ್ಣಕ್ಕೆ ಬರುತ್ತದೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಚರ್ಮದ ಕೇಸ್ ಇದ್ದರೆ ಡಬ್ಬಿಯಿಂದ ಹೊರಗಿಡಿ, ತೇವ ಹಿಡಿಯುವುದು ಅದೇ ಮೊದಲು.

ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ಬ್ಯಾಗ್ ಮುಚ್ಚಿಯೇ ಇಪ್ಪತ್ತು ನಿಮಿಷ ಹೊರಗಿಡಿ. ಅಷ್ಟರಲ್ಲಿ ಒಂದು ಚಹಾ ಆಗುತ್ತದೆ. ಮಳೆಯಲ್ಲಿ ತೆಗೆದು ಬಂದ ದಿನ ಲೆನ್ಸನ್ನು ಒಣ ಬಟ್ಟೆಯಿಂದ ಒರೆಸಿ. ಕಡಲ ಹತ್ತಿರ ಹೋಗಿದ್ದರೆ ಮೊದಲು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ರಾತ್ರಿ ಫ್ಯಾನ್ ಕೆಳಗೆ ಬಿಟ್ಟು ಬೆಳಗ್ಗೆ ಡಬ್ಬಿಗೆ ಹಾಕಿ. ಮಳೆಗಾಲ ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆಯಾದರೂ ಲೆನ್ಸ್ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ.